ಹೆಂಡತಿ ಹೊರುವ ಪಂದ್ಯ

ಆ ದಿನದ ಎಲ್ಲ ಅನಾಹುತಕ್ಕೂ ಕಾರಣ ‘ಕ್ಯಾರಿ’ ಎಂಬ ಒಂದು ಇಂಗ್ಲಿಷ್ ಪದ.

ಹಯಗ್ರೀವ ಹುಟ್ಟಿ ಬೆಳೆದ ಮೈಸೂರಿನ ಚಾಮುಂಡಿಪುರದಲ್ಲಿ ಆ ಪದಕ್ಕೆ ಇದ್ದದ್ದು ಒಂದೇ ಅರ್ಥ. ಪರೀಕ್ಷೆಗೆ ಹಾಲ್ ಟಿಕೆಟ್ ಕ್ಯಾರಿ ಮಾಡಬೇಕು, ಊಟಿಗೆ ಹೋದರೆ ಸ್ವೆಟರ್ ಕ್ಯಾರಿ ಮಾಡಬೇಕು. ಎಂದರೆ, ಮರೆಯದೆ ಜೊತೆಗೆ ತರಬೇಕು. ಆದ್ದರಿಂದ ಆಫೀಸಿನ ಮಿಸ್ ಲಿಮ್ ಕಳಿಸಿದ ಇ-ಮೇಲಿನಲ್ಲಿ ಕಂಪನಿಯ ಕ್ರೀಡಾದಿನದ ಪಟ್ಟಿ ನೋಡಿದಾಗ ಅವನಿಗೆ ಸಂಶಯವೇ ಬರಲಿಲ್ಲ. ಬೂಟು ಎಸೆತ, ಮೊಬೈಲ್ ಎಸೆತ, ಎರಡು ಕೋಲು ಹಿಡಿದು ನಡೆಯುವ ಸ್ಪರ್ಧೆ, ಕೊನೆಯಲ್ಲಿ ‘ವೈಫ್ ಕ್ಯಾರಿಯಿಂಗ್’. ಒಂದೊಂದರ ಮುಂದೆಯೂ ಒಂದು ಪುಟ್ಟ ಚೌಕ. ಮೊದಲಿನ ಮೂರು ಫಿನ್ಲೆಂಡಿನವರ ಹುಚ್ಚಾಟ, ತನಗೆ ಸಂಬಂಧವಿಲ್ಲದ್ದು ಎಂದು ಬಿಟ್ಟ. ನಾಲ್ಕನೆಯದನ್ನು ಓದಿ, ಪರವಾಗಿಲ್ಲ, ಸಂಸಾರಸ್ಥರ ಕಷ್ಟ ಅರಿತ ಕಂಪನಿ, ಹೆಂಡತಿಯನ್ನೂ ಕರೆತರಬಹುದಂತೆ ಎಂದು ಸಂತೋಷಪಟ್ಟು ಚೌಕದಲ್ಲಿ ಟಿಕ್ ಒತ್ತಿದ.

ಹೆಂಡತಿಯನ್ನು ಕರೆದೊಯ್ಯಲು ಅವನಿಗೆ ಬಲವಾದ ಕಾರಣವಿತ್ತು. ಸಿಂಗಪುರದ ಬೂನ್ ಲೇಯಲ್ಲಿ ಹಡಗಿನ ಪಂಪು ತಯಾರಿಸುವ ಆ ಫಿನ್ನಿಷ್ ಕಂಪನಿಯಲ್ಲಿ ಅವನು ಸರ್ವಿಸ್ ಇಂಜಿನಿಯರು. 2007ರ ಆ ವರ್ಷ ಹಡಗುಕಟ್ಟೆಗಳಿಗೆ ಎಷ್ಟು ಕೆಲಸವೆಂದರೆ, ಪಂಪಿನ ಬಣ್ಣ ಒಣಗುವ ಮೊದಲೇ ಲಾರಿ ಬಂದು ನಿಲ್ಲುತ್ತಿತ್ತು. ಸಾಲದ್ದಕ್ಕೆ ಜುಲೈ ಬಂತೆಂದರೆ ಆಫೀಸಿನ ಫಿನ್ನಿಷರೆಲ್ಲ ತಮ್ಮ ದೇಶದ ಕೆರೆ ದಂಡೆಗಳಿಗೆ ಹಾರಿಹೋಗುತ್ತಿದ್ದರು. ಉಳಿದವರಿಗೆ ರಜೆ ಎಂಬ ಮಾತೇ ಇಲ್ಲ. ಆದರೆ ಅದೇ ಜುಲೈ ಮೊದಲ ವಾರದಲ್ಲಿ ಮೈಸೂರಿನಲ್ಲಿ ಹೆಂಡತಿ ನಿರುಪಮಾಳ ಚಿಕ್ಕಪ್ಪನ ಮಗಳು ಗಾರ್ಗಿಯ ಮದುವೆ. ಆ ವರ್ಷ ಅಧಿಕ ಮಾಸ ಬಂದಿದ್ದರಿಂದ ಜ್ಯೇಷ್ಠದ ಮುಹೂರ್ತ ಜುಲೈಗೆ ಸರಿದಿತ್ತು. ಅದು ತಪ್ಪಿದರೆ ಆಷಾಢ. ಮದುವೆಯನ್ನು ಹಿಂದೆ ಮುಂದೆ ಸರಿಸುವಂತಿರಲಿಲ್ಲ.

ಹಯಗ್ರೀವ ಮೂರು ಸಲ ರಜೆಯ ಅರ್ಜಿ ಕೊಟ್ಟಿದ್ದ. ಮೂರು ಸಲವೂ ಬಾಸ್ ಹೆಯ್ಕಿ ಅದನ್ನು ಓದಿ, ಕಿಟಕಿಯಾಚೆ ನೋಡಿ, “ಯೋಚಿಸುತ್ತೇನೆ” ಎಂದಿದ್ದ. ಹೆಯ್ಕಿ ಆರಡಿ ಎತ್ತರದ, ಮಾತು ಕಡಿಮೆಯ ಮನುಷ್ಯ. ಅವನ ಎರಡು ವಾಕ್ಯಗಳ ನಡುವೆ ಒಂದು ಬಸ್ಸು ಬಂದು ಜನರನ್ನು ಹತ್ತಿಸಿಕೊಂಡು ಹೋಗುವಷ್ಟು ಬಿಡುವಿರುತ್ತಿತ್ತು.

ಇತ್ತ ಮನೆಯಲ್ಲಿ ನಿರುಪಮಾ ಹದಿನೈದು ದಿನದಿಂದ ಮಾತು ಬಿಟ್ಟಿದ್ದಳು. ಹೇಳಬೇಕಾದ್ದನ್ನೆಲ್ಲ ಸೌಟು, ಪಾತ್ರೆ, ಕಪಾಟಿನ ಬಾಗಿಲುಗಳ ಮೂಲಕವೇ ಹೇಳುತ್ತಿದ್ದಳು. ಹಾಗಾಗಿ ಹಯಗ್ರೀವ ಒಂದು ಉಪಾಯ ಹೂಡಿದ. ಕ್ರೀಡಾದಿನಕ್ಕೆ ನಿರುಪಮಾಳನ್ನು ಕರೆದೊಯ್ಯುವುದು, ಹೆಯ್ಕಿಗೆ ಅವಳ ಕೈಯ ಪುಳಿಯೋಗರೆ ತಿನ್ನಿಸುವುದು, ಅವನ ಮುಖ ಅರಳಿದ ಗಳಿಗೆಯಲ್ಲಿ ಜೇಬಿನಿಂದ ನಾಲ್ಕನೆಯ ಅರ್ಜಿ ತೆಗೆಯುವುದು.

“ಬಾಸ್ ಎದುರಿಗೆ ಹೋಗೋದು ಕಣೇ, ರೇಷ್ಮೆ ಸೀರೆ ಉಟ್ಕೋ,” ಎಂದ ಶನಿವಾರ ಬೆಳಿಗ್ಗೆ.

ನಿರುಪಮಾ ಫ್ರಿಜ್ಜಿನ ಬಾಗಿಲು ಮೆತ್ತಗೆ ಹಾಕಿದಳು. ಒಪ್ಪಿದ್ದಾಳೆ ಎಂದು ಅರ್ಥ.

ಅವರ ಬುಕಿತ್ ಬಾಟೋಕ್‌ನ ಬ್ಲಾಕಿನಲ್ಲಿ ಪಕ್ಕದ ಮನೆಯವನು ತಿಪ್ಪಣ್ಣ, ಗದಗಿನ ಕಡೆಯವನು, ಬ್ಯಾಂಕಿನಲ್ಲಿ ಕಂಪ್ಯೂಟರ್ ಕೆಲಸ. ಯಾರು ಲಿಫ್ಟಿನಲ್ಲಿ ಯಾವ ಮಹಡಿಗೆ ಹೋದರೆಂಬುದೂ ಅವನಿಗೆ ಗೊತ್ತು. ಇವರಿಬ್ಬರೂ ಬಾಗಿಲಿಗೆ ಬೀಗ ಹಾಕುವಷ್ಟರಲ್ಲಿ ಅವನು ಹೆಂಡತಿ ಸುಪ್ರಿಯಾಳೊಡನೆ ಟೋಪಿ ಹಾಕಿಕೊಂಡು ಕಾರಿಡಾರಿನಲ್ಲಿ ನಿಂತಿದ್ದ.

“ಫ್ರೆಂಡ್ಸ್ ಆ್ಯಂಡ್ ಫ್ಯಾಮಿಲಿ ಅಂತ ಹಾಕ್ಯಾರಲ್ರೀ ನಿಮ್ಮ ಕಂಪನಿಯವ್ರು. ನಾವು ಫ್ರೆಂಡ್ಸ್ ಆಗಿ ಬರ್ತೀವಿ,” ಎಂದ. ಆ ಇ-ಮೇಲ್ ಅವನಿಗೆ ಹೇಗೆ ತಿಳಿಯಿತೆಂದು ಹಯಗ್ರೀವ ಕೇಳಲಿಲ್ಲ. ಕೇಳಿದ್ದರೆ ಉತ್ತರ ಜುರಾಂಗ್ ಈಸ್ಟ್‌ನಲ್ಲಿ ರೈಲು ಬದಲಿಸುವವರೆಗೂ ಮುಗಿಯುತ್ತಿರಲಿಲ್ಲ.

ಪಾಸಿರ್ ರಿಸ್ ಎಂದರೆ ರೈಲಿನ ಕಟ್ಟಕಡೆಯ ನಿಲ್ದಾಣ. ಪಶ್ಚಿಮದ ತುದಿಯಿಂದ ಪೂರ್ವದ ತುದಿಗೆ, ಒಂದು ಗಂಟೆಗೂ ಮೇಲಿನ ಪ್ರಯಾಣದುದ್ದಕ್ಕೂ ಪುಳಿಯೋಗರೆಯ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಹಯಗ್ರೀವ ಅರ್ಜಿಯ ಮಾತುಗಳನ್ನು ಬಾಯಿಪಾಠ ಮಾಡಿದ. ಸಮುದ್ರದಂಡೆಯ ಪಾರ್ಕು ತಲುಪಿದಾಗ ಹತ್ತು ಗಂಟೆ. ಬಿಸಿಲು ಆಗಲೇ ತಲೆಯ ಮೇಲೆ ಇಸ್ತ್ರಿ ಪೆಟ್ಟಿಗೆಯಂತೆ ಕೂತಿತ್ತು. ಮರಳಿನಲ್ಲಿ ಹಗ್ಗ ಎಳೆದು ಓಟದ ದಾರಿ ಮಾಡಿದ್ದರು. ನಡುವೆ ಎರಡು ದಪ್ಪ ಮರದ ದಿಮ್ಮಿ ಅಡ್ಡ ಹಾಕಿದ್ದರು. ಆಮೇಲೆ ಮಕ್ಕಳು ಆಡುವಂಥ ನೀಲಿ ಪ್ಲಾಸ್ಟಿಕ್ಕಿನ ಕೊಳ, ಸೊಂಟದುದ್ದ ನೀರು.

ಮಿಸ್ ಲಿಮ್ ಓಡಿ ಬಂದು ಹಯಗ್ರೀವನ ಎದೆಗೆ ಏಳನೇ ನಂಬರಿನ ಚೀಟಿ ಅಂಟಿಸಿದಳು. ನಿರುಪಮಾಳ ರೇಷ್ಮೆ ಸೆರಗಿಗೂ ಒಂದು ಏಳು.

“ಇದು ಏನು ನಂಬರು? ಊಟದ್ದಾ?” ಎಂದ ಹಯಗ್ರೀವ ಇಂಗ್ಲಿಷಿನಲ್ಲಿ.

“ಅಯ್ಯೋ, ಊಟ ಅಲ್ಲ. ನೀವು ಹೆಂಡತಿಯನ್ನು ಹೊತ್ತುಕೊಂಡು ಓಡುತ್ತೀರಲ್ಲ, ಅದರದ್ದು!” ಎಂದಳು ಮಿಸ್ ಲಿಮ್. “ಇನ್ನೂರೈವತ್ತು ಮೀಟರು. ಆಫೀಸಿನ ಏಷ್ಯಾದವರಲ್ಲಿ ತಾವಾಗಿ ಹೆಸರು ಕೊಟ್ಟವರು ನೀವೊಬ್ಬರೇ.”

ಹಯಗ್ರೀವನ ಕೈಯ ಡಬ್ಬಿ ಜಾರಿತು. ಸುಪ್ರಿಯಾ ಹಿಡಿದುಕೊಂಡಳು.

ಹದಿನೈದು ದಿನಗಳ ಮೌನವನ್ನು ನಿರುಪಮಾ ಆಗ ಮುರಿದಳು. “ಏನ್ರೀ ಇದು?”

“ನಿರು, ಕ್ಯಾರಿ ಅಂದ್ರೆ ಕರ್ಕೊಂಡು ಬರೋದು ಅಂದ್ಕೊಂಡೆ ಕಣೇ...”

“ಇಷ್ಟು ಜನರ ಎದುರಿಗೆ ನನ್ನ ಎತ್ಕೊಂಡು ಓಡ್ತೀರಾ? ನೀವು? ಗ್ಯಾಸ್ ಸಿಲಿಂಡರ್ ಸರಿಸೋಕೆ ವಾಚ್‌ಮನ್ ಕರೀತಿದ್ದೋರು!”

ಅವಳ ಮಾತಿನಲ್ಲಿ ಉತ್ಪ್ರೇಕ್ಷೆ ಇರಲಿಲ್ಲ. ಹಯಗ್ರೀವ ಕ್ರಿಕೆಟ್ ವಿಕೆಟ್ಟಿನಂಥ ಆಳು, ಐವತ್ಮೂರು ಕಿಲೋ. ನಿರುಪಮಾ ಅವನಿಗಿಂತ ಎರಡಂಗುಲ ಎತ್ತರ, ಗಟ್ಟಿ ಮೈಕಟ್ಟು. ಮದುವೆಯ ಫೋಟೋದಲ್ಲಿ ಅವನು ಅವಳ ನೆರಳಿನಲ್ಲಿ ಬಿಸಿಲು ತಪ್ಪಿಸಿಕೊಳ್ಳುತ್ತಿರುವಂತೆ ಕಾಣುತ್ತಿದ್ದ.

ಹೆಸರು ವಾಪಸು ತೆಗೆಸಲೆಂದು ಅವನು ಹೆಯ್ಕಿಯ ಕಡೆ ಹೋದ. ಅವನು ಬಾಯಿ ತೆರೆಯುವ ಮೊದಲೇ ಹೆಯ್ಕಿ ಅವನ ಹೆಗಲ ಮೇಲೆ ಕೈಯಿಟ್ಟು ಎಲ್ಲರನ್ನೂ ಹತ್ತಿರ ಕರೆದ. ಎರಡು ವರ್ಷದಲ್ಲಿ ಮೊದಲ ಬಾರಿಗೆ ಆ ಮುಖದಲ್ಲಿ ನಗು ಮೂಡಿತ್ತು.

“ನಮ್ಮಲ್ಲಿ ಒಂದು ಮಾತಿದೆ. ಸಿಸು,” ಎಂದ ಹೆಯ್ಕಿ. ಒಂದು ಬಸ್ಸು ಬಂದು ಹೋಗುವಷ್ಟು ಸುಮ್ಮನಿದ್ದ. “ಕೈಲಾಗುವುದಿಲ್ಲ ಎಂದು ಗೊತ್ತಿದ್ದೂ ಬಿಡದೆ ಮಾಡುವುದು. ಸೋಲು ಎದುರಿಗೆ ಕಂಡರೂ ನಡೆಯುವುದು.” ಮತ್ತೊಂದು ಬಸ್ಸು. ಹಯಗ್ರೀವನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಆಮೇಲೆ ನಿರುಪಮಾಳನ್ನು ನೋಡಿದ. “ಇವತ್ತು ಅದನ್ನು ಕಣ್ಣಾರೆ ನೋಡುತ್ತೇವೆ.”

ಎಲ್ಲರೂ ಚಪ್ಪಾಳೆ ತಟ್ಟಿದರು.

“ಶಿಶು ಅಂತ ಯಾಕ ಅಂತಾನ್ರೀ ಈ ಹಕ್ಕಿ ಸಾಹೇಬ?” ಎಂದು ತಿಪ್ಪಣ್ಣ ಕಿವಿಯಲ್ಲಿ ಕೇಳಿದ. “ನೀವು ಸಣ್ಣಾಗಿದ್ದೀರಿ ಅಂತನೋ ಏನೋ.”

ಇನ್ನು ಹಿಂದೆ ಸರಿದರೆ ಅರ್ಜಿಯ ಗತಿ ಅಷ್ಟೇ. ಹಯಗ್ರೀವ ನಿರುಪಮಾಳ ಹತ್ತಿರ ಬಂದು ದನಿ ತಗ್ಗಿಸಿದ. “ನೋಡು, ಗಾರ್ಗಿ ಮದುವೆಗೆ ಹೋಗ್ಬೇಕೋ ಬೇಡ್ವೋ? ಹತ್ತು ಹೆಜ್ಜೆ ಎತ್ಕೊಂಡು ಹೋಗಿ ಬಿದ್ದಂಗೆ ಮಾಡ್ತೀನಿ. ಪಾಪ ಅಂತ ಲೀವ್ ಅಪ್ರೂವ್ ಮಾಡ್ತಾನೆ.”

ನಿರುಪಮಾ ಅವನನ್ನೂ ಮರಳನ್ನೂ ನೋಡಿದಳು. “ಮದುವೆಗೋಸ್ಕರ,” ಎಂದಳು ಹಲ್ಲು ಕಚ್ಚಿ. “ಬರೀ ಹತ್ತು ಹೆಜ್ಜೆ.”

ಹೆಂಡತಿ ಹೊರುವ ಪಂದ್ಯ ಕೊನೆಗೆ. ಅದಕ್ಕೆ ಮೊದಲು ಮೊಬೈಲ್ ಎಸೆತ. ಕೆಟ್ಟುಹೋದ ಹಳೆಯ ಮೊಬೈಲುಗಳನ್ನು ಒಂದು ಮೇಜಿನ ಮೇಲೆ ರಾಶಿ ಹಾಕಿದ್ದರು. ಫಿನ್ನಿಷರು ಒಬ್ಬೊಬ್ಬರಾಗಿ ಬಂದು, ಒಂದು ಮಾತೂ ಆಡದೆ, ಪೂಜೆಗೆ ನಿಂತಷ್ಟು ಗಂಭೀರವಾಗಿ ಮೊಬೈಲುಗಳನ್ನು ಮರಳಿನ ಮೇಲೆ ದೂರಕ್ಕೆ ಬೀಸುತ್ತಿದ್ದರು. ಹಯಗ್ರೀವ ಮೇಜಿನ ಪಕ್ಕದಲ್ಲಿ ಬಗ್ಗಿ ಶೂ ಲೇಸು ಬಿಗಿಮಾಡಲು ಹೋದ. ಜೇಬಿನಲ್ಲಿದ್ದ ಮೊಬೈಲು ತೊಡೆಗೆ ಒತ್ತಿತು. ತೆಗೆದು ಮೇಜಿನ ಮೇಲಿಟ್ಟ. ಎದ್ದು ನೋಡುವಾಗ ಅದು ಹೆಯ್ಕಿಯ ಕೈಯಲ್ಲಿತ್ತು.

“ಸರ್—”

ಹೆಯ್ಕಿ ತೂಕ ನೋಡಿದ, ಮೂರು ಸುತ್ತು ತಿರುಗಿದ, ಎಸೆದ. ಹಯಗ್ರೀವನ ಮೊಬೈಲು ದಂಡೆ ದಾಟಿ, ಎರಡು ಅಲೆ ದಾಟಿ, ನೀರಿಗೆ ಬಿತ್ತು. ಆ ದಿನದ ಅತಿ ದೂರದ ಎಸೆತ. ಎಲ್ಲರೂ ಹೋ ಎಂದು ಕೂಗಿದರು. ಬೀಳುವ ಮೊದಲು ಅದು ರಿಂಗಾದಂತೆ ಹಯಗ್ರೀವನಿಗೆ ಕೇಳಿಸಿತು.

“ಏನೋ ಹೇಳಬೇಕೆಂದಿದ್ದಿರಿ?” ಎಂದ ಹೆಯ್ಕಿ ಉಸಿರು ಬಿಡುತ್ತ.

“ಚೆನ್ನಾಗಿ ಎಸೆದಿರಿ ಸರ್,” ಎಂದ ಹಯಗ್ರೀವ.

ತಿಪ್ಪಣ್ಣ ತನ್ನನ್ನು ತಾನೇ ಕೋಚ್ ಆಗಿ ನೇಮಿಸಿಕೊಂಡಿದ್ದ. ಇಬ್ಬರನ್ನೂ ಮರಗಳ ಮರೆಗೆ, ಬಾರ್ಬೆಕ್ಯೂ ಒಲೆಗಳ ಹಿಂದಕ್ಕೆ ಕರೆದೊಯ್ದ. “ನಮ್ಮ ಕಡೆ ಜ್ವಾಳದ ಚೀಲ ಎತ್ತೂದು ನೋಡಿಲ್ಲೇನ್ರಿ? ಬೆನ್ನು ಬಗ್ಗಿಸ್ಬ್ಯಾಡ್ರಿ, ಮೊಳಕಾಲು ಬಗ್ಗಿಸ್ರಿ. ಅಕ್ಕಾರ, ನೀವು ಸುಮ್ನ ಚೀಲದಂಗ ಬಿದ್ಕೊಳ್ರಿ.”

“ತಿಪ್ಪಣ್ಣ ಅವ್ರೇ, ಇನ್ನೊಂದ್ಸಲ ನನ್ನ ಚೀಲ ಅಂದ್ರೆ ನೋಡಿ,” ಎಂದಳು ನಿರುಪಮಾ.

“ರೀ, ನೀವು ಸುಮ್ನಿರ್ರಿ ಒಂಚೂರು,” ಎಂದಳು ಸುಪ್ರಿಯಾ. ಅವಳು ಗಾಳಿಪಟದಷ್ಟು ಹಗುರವಾದ ಹೆಂಗಸು. ಗಂಡನ ಮಾತಿಗೆ ಅಲ್ಲಲ್ಲಿ ಪೂರ್ಣವಿರಾಮ ಹಾಕುವುದೇ ಅವಳ ನಿತ್ಯದ ಕೆಲಸ.

ಹಯಗ್ರೀವ ಮೊಣಕಾಲು ಬಗ್ಗಿಸಿದ. ನಿರುಪಮಾ ಅವನ ಬೆನ್ನಿಗೆ ಒರಗಿದಳು. ಅವನು ಏಳಲು ನೋಡಿದ. ಮೊಣಕಾಲು ಏಳಲಿಲ್ಲ. ಇನ್ನೊಮ್ಮೆ ದಮ್ಮು ಕಟ್ಟಿದ. ಈಗ ಎದ್ದ, ಆದರೆ ನಿರುಪಮಾ ನೆಲದ ಮೇಲೆಯೇ ನಿಂತಿದ್ದಳು. ಮೂರನೆಯ ಸಲ ಇಬ್ಬರೂ ಪಕ್ಕದ ಮಲಯ್ ಕುಟುಂಬದ ಚಾಪೆಯ ಮೇಲೆ, ಕೋಳಿ ರೆಕ್ಕೆಗಳ ತಟ್ಟೆಗೆ ಒಂದು ಗೇಣು ದೂರದಲ್ಲಿ ಉರುಳಿದರು.

ಆ ಮನೆಯ ಅಜ್ಜಿ ತಟ್ಟೆ ಸರಿಸಿಕೊಂಡು, “ಅಂಕಲ್, ಲೈಕ್ ದಟ್ ಕೆನಾಟ್ ಲಾ,” ಎಂದಳು, ಹೀಗೆ ಎತ್ತಿದರೆ ಆಗದೆಂಬ ಮರುಕದಿಂದ.

ಮಧ್ಯಾಹ್ನದ ಊಟಕ್ಕೆ ಹೆಯ್ಕಿ ಪುಳಿಯೋಗರೆ ತಿಂದ. ಕಣ್ಣಲ್ಲಿ ನೀರು ಬಂತು. ಎರಡನೆಯ ಸಲ ಹಾಕಿಸಿಕೊಂಡು, “ಸಿಸು,” ಎಂದಷ್ಟೇ ಹೇಳಿದ. ಹಯಗ್ರೀವನ ಕೈ ಜೇಬಿನ ಅರ್ಜಿಯತ್ತ ಹೋಯಿತು. ಅಷ್ಟರಲ್ಲಿ ಮಿಸ್ ಲಿಮ್ ಸೀಟಿ ಊದಿದಳು.

ಏಳು ಜೋಡಿ ಗೆರೆಯ ಮೇಲೆ ನಿಂತವು. ಆರು ಜೋಡಿ ಫಿನ್ನಿಷರು. ಅವರಲ್ಲಿ ಟೋಮಿ ಎಂಬ ಬಾಗಿಲಗಲದ ವೆಲ್ಡರನು ಹೆಂಡತಿಯನ್ನು ಆಗಲೇ ಬೆನ್ನಿಗೆ ತಲೆಕೆಳಗಾಗಿ ತೂಗುಹಾಕಿಕೊಂಡು, ಅವಳ ಕಾಲುಗಳನ್ನು ಶಾಲಿನಂತೆ ಕುತ್ತಿಗೆಗೆ ಸುತ್ತಿಕೊಂಡು, ನಿಂತಲ್ಲೇ ಕುಣಿಯುತ್ತಿದ್ದ. ಎಸ್ಟೋನಿಯಾದವರ ಪಟ್ಟು ಅದು, ಬಹಳ ವೇಗ ಎಂದು ಹೆಯ್ಕಿ ವಿವರಿಸಿದ. ಅದನ್ನು ನೋಡಿ ನಿರುಪಮಾ ಕಣ್ಣು ಮುಚ್ಚಿಕೊಂಡಳು.

ಸೀಟಿ ಮೊಳಗಿತು. ಹಯಗ್ರೀವ ಬಗ್ಗಿದ, ಹೊತ್ತ, ಒಂದು ಹೆಜ್ಜೆ ಇಟ್ಟ. ಎರಡನೆಯ ಹೆಜ್ಜೆ ಇಡಲು ಕಾಲು ಸಿಗಲಿಲ್ಲ. ಅವನು ಮುಖ ಅಡಿಯಾಗಿ ಮರಳಿಗೆ ಬಿದ್ದ. ಅವನ ಮೇಲೆ ಮೈಸೂರು ಸಿಲ್ಕಿನ ಸಮೇತ ನಿರುಪಮಾ ಬಿದ್ದಳು.

ಉಳಿದ ಆರು ಜೋಡಿ ಮರಳೆರಚುತ್ತ ಮುಂದೆ ಓಡಿದವು. ಜನ ನಕ್ಕರು. ಬಾರ್ಬೆಕ್ಯೂ ಕಡೆಯಿಂದ ಯಾರೋ, “ಅಯ್ಯಾ, ಹೆಂಡತಿ ತುಂಬ ಭಾರ!” ಎಂದು ಇಂಗ್ಲಿಷಿನಲ್ಲಿ ಕೂಗಿದರು. ಮತ್ತೆ ನಗು.

ನಿರುಪಮಾ ಎದ್ದು ನಿಂತಳು. ಕೂಗು ಬಂದ ಕಡೆ ಒಮ್ಮೆ ತಿರುಗಿ ನೋಡಿದಳು. ಆಮೇಲೆ ಸೆರಗನ್ನು ಸೊಂಟಕ್ಕೆ ಬಿಗಿದು ಸುತ್ತಿ ಸಿಕ್ಕಿಸಿದಳು. ನೆರಿಗೆಗಳನ್ನು ಎತ್ತಿ ಕಚ್ಚೆ ಹಾಕಿದಳು.

“ಏಳ್ರೀ,” ಎಂದಳು.

“ಆಯ್ತಲ್ಲ ನಿರು, ಬಿದ್ದಾಯ್ತು, ಸಾಕು...”

ಅವಳು ಅವನ ಎಡಗೈ ಹಿಡಿದಳು, ಬಗ್ಗಿದಳು. ಮರುಕ್ಷಣದಲ್ಲಿ ಹಯಗ್ರೀವನಿಗೆ ಆಕಾಶ ಕೆಳಗೂ ಮರಳು ಮೇಲೂ ಕಂಡಿತು. ಅವನು ಹೆಂಡತಿಯ ಹೆಗಲ ಮೇಲಿದ್ದ. ಅವಳು ಓಡುತ್ತಿದ್ದಳು.

ಹಯಗ್ರೀವನಿಗೆ ಗೊತ್ತಿಲ್ಲದ ಸಂಗತಿಯೊಂದಿತ್ತು. ಕಾಲೇಜಿನ ದಿನಗಳಲ್ಲಿ ನಿರುಪಮಾ ದಸರಾ ಕ್ರೀಡಾಕೂಟದಲ್ಲಿ ಗುಂಡು ಎಸೆದು ಎರಡು ವರ್ಷ ಪದಕ ಗೆದ್ದವಳು. ಹಯಗ್ರೀವನ ಮನೆಯವರು ಹೆಣ್ಣು ನೋಡಲು ಬರುವ ದಿನ ಗಾರ್ಗಿಯ ತಾಯಿ, ಚಿಕ್ಕಮ್ಮ ವೇದಾವತಿ, ಪದಕಗಳನ್ನು ಅಟ್ಟಕ್ಕೆ ಸೇರಿಸಿ, ಯಾರೋ ಹಾಕಿದ್ದ ಕಸೂತಿಯನ್ನು ಮುಂದಿಟ್ಟಿದ್ದರು. ಎಂಟು ವರ್ಷದಿಂದ ಹಯಗ್ರೀವ ಆ ಕಸೂತಿಯನ್ನೇ ಹೊಗಳುತ್ತ ಬಂದಿದ್ದ.

ಮೊದಲ ದಿಮ್ಮಿಯನ್ನು ಅವಳು ಹತ್ತಿ ಇಳಿದಳು. ಎರಡನೆಯದನ್ನು ನೆಗೆದಳು. ಅಲ್ಲಿ ಎರಡು ಜೋಡಿ ನಗುತ್ತ ಕೂತುಬಿಟ್ಟಿದ್ದವು. ತಲೆಕೆಳಗಾದ ಹಯಗ್ರೀವನಿಗೆ ಒಂದೊಂದೇ ಜೋಡಿ ಹಿಂದಕ್ಕೆ ಹೋಗುವುದು ಕಾಣುತ್ತಿತ್ತು. “ಸೀರೆ ನೆನೆಯುತ್ತೆ ಕಣೇ, ನೀರು ನೀರು!” ಎಂದು ಕೂಗಿದ. ಕೂಗಿ ಬಾಯಿ ಮುಚ್ಚುವ ಮೊದಲೇ ಅವನ ತಲೆ ಕೊಳದಲ್ಲಿ ಮುಳುಗಿ ಎದ್ದಿತು.

ಹಗ್ಗದ ಪಕ್ಕದಲ್ಲಿ ತಿಪ್ಪಣ್ಣ ಜೊತೆಜೊತೆಗೆ ಓಡುತ್ತಿದ್ದ. “ಹಂಗ ಹೊಡೀರಿ ಅಕ್ಕಾರ! ಶಿಶು ಅಂದ್ರ ಏನು ಅಂತ ಈಗ ತಿಳೀತು ನೋಡ್ರಿ! ಕೂಸಿನಂಗ ಹೊತ್ಕೊಂಡಾರ!”

ಗೆಲುವಿನ ಗೆರೆಗೆ ಹತ್ತು ಮೀಟರು ಉಳಿದಾಗ ಟೋಮಿ ಒಬ್ಬನೇ ಮುಂದಿದ್ದ. ಜನರ ಕೂಗು ಕೇಳಿ ಏನಾಯಿತೆಂದು ಹಿಂತಿರುಗಿ ನೋಡಿದ. ಕಚ್ಚೆ ಹಾಕಿದ ರೇಷ್ಮೆ ಸೀರೆ, ಹಣೆಯ ಮೇಲೆ ಕರಗಿದ ಕುಂಕುಮ, ಹೆಗಲ ಮೇಲೆ ನೀರು ಸೋರುವ ಇಂಜಿನಿಯರು, ಇವೆಲ್ಲ ತನ್ನತ್ತಲೇ ನುಗ್ಗಿ ಬರುವುದನ್ನು ಕಂಡು ಅವನು ಕಾಲು ಎತ್ತಿಡುವುದನ್ನೇ ಮರೆತ. ನಿರುಪಮಾ ಅವನ ಪಕ್ಕದಿಂದ ಹಾದು ಗೆರೆ ದಾಟಿದಳು. ದಾಟಿದ ಮೇಲೆ ಹಯಗ್ರೀವನನ್ನು ಅಕ್ಕಿ ಮೂಟೆ ಇಳಿಸುವಂತೆ, ಆದರೆ ನಾಜೂಕಾಗಿ, ಇಳಿಸಿದಳು.

ಎಲ್ಲರೂ ಹೆಯ್ಕಿಯ ಕಡೆ ನೋಡಿದರು. ಇದು ನಡೆಯುತ್ತದೆಯೇ? ಹೆಯ್ಕಿ ನಿಯಮದ ಹಾಳೆ ತರಿಸಿ ಓದಿದ. ಎರಡು ಬಸ್ಸು ಬಂದು ಹೋದವು.

“ಒಬ್ಬರು ಇನ್ನೊಬ್ಬರನ್ನು ಹೊರಬೇಕು ಎಂದಿದೆ,” ಎಂದ. “ಹೊತ್ತಿದ್ದಾರೆ.” ನಿರುಪಮಾಳ ಮುಂದೆ ಬಂದು ತಲೆ ಬಾಗಿಸಿದ. “ಮೇಡಂ, ಮೂವತ್ತು ವರ್ಷದಿಂದ ನಾನು ಈ ಆಟ ನೋಡುತ್ತಿದ್ದೇನೆ.” ಮುಂದೆ ಹೇಳಲು ಅವನಿಗೆ ಮಾತು ಸಿಗಲಿಲ್ಲ. ಫಿನ್ನಿಷರು ಅದನ್ನು ದೊಡ್ಡ ಭಾಷಣವೆಂದೇ ತಿಳಿದು ಚಪ್ಪಾಳೆ ತಟ್ಟಿದರು.

ಇದೇ ಗಳಿಗೆ ಎಂದು ಹಯಗ್ರೀವನ ಒಳಮನಸ್ಸು ಹೇಳಿತು. ಕೂದಲಿಂದ ನೀರು ಸುರಿಯುತ್ತಿದ್ದಂತೆಯೇ ಜೇಬಿನಿಂದ ಅರ್ಜಿ ತೆಗೆದ. ಹಾಳೆ ಹಪ್ಪಳದ ಹಿಟ್ಟಿನಂತೆ ಮೆತ್ತಗಾಗಿತ್ತು.

“ಸರ್, ಜುಲೈ ಮೊದಲನೇ ತಾರೀಕಿನಿಂದ ಮೂರು ವಾರ. ಮದುವೆ. ನನ್ನ ಕುಟುಂಬಕ್ಕೆ ಇದಕ್ಕಿಂತ ಮುಖ್ಯವಾದದ್ದು ಬೇರೆ ಇಲ್ಲ.”

ಹೆಯ್ಕಿ ಪೆನ್ನು ಕೇಳಿದ. ಟೋಮಿಯ ಬೆನ್ನಿನ ಮೇಲೆ ಹಾಳೆ ಹರಡಿ ಸಹಿ ಹಾಕಿದ. ಮಿಸ್ ಲಿಮ್‌ಗೆ ಕೊಟ್ಟು, “ಇದನ್ನು ಯಾರು ಬಂದು ಏನು ಹೇಳಿದರೂ ಬದಲಿಸಬೇಡ. ನಾನು ಹೇಳಿದರೂ,” ಎಂದ.

ಹಯಗ್ರೀವನ ಕಾಲು ನೆಲದ ಮೇಲಿರಲಿಲ್ಲ. ಹಲ್ಲಿನ ಸಂದಿಯ ಮರಳು, ಕಡಲಿನ ತಳದಲ್ಲಿರುವ ಮೊಬೈಲು, ನೂರೈವತ್ತು ಜನರ ನಗು, ಎಲ್ಲವನ್ನೂ ಮರೆತ. ನಿರುಪಮಾ ಅವನನ್ನು ನೋಡಿ ನಕ್ಕಳು. ಆ ನಗು ಅವನು ಕಂಡು ಹದಿನೈದು ದಿನವಾಗಿತ್ತು. “ಸಾರಿ ಕಣ್ರೀ, ಎತ್ಬಿಟ್ಟೆ. ಕೋಪ ಬಂತು,” ಎಂದಳು. “ಎಷ್ಟು ಹಗುರ ನೀವು!”

ಆಗ ಹೆಯ್ಕಿ ಬಹುಮಾನದ ಲಕೋಟೆ ತಂದ.

“ಪ್ರತಿ ವರ್ಷ ಬೇಸಿಗೆಯಲ್ಲಿ ನಮ್ಮ ಹೆಡ್ ಆಫೀಸಿನವರು ಕೆರೆಯ ದಂಡೆಯಲ್ಲಿ ಕ್ರೀಡಾಕೂಟ ನಡೆಸುತ್ತಾರೆ. ಹತ್ತೊಂಬತ್ತು ದೇಶದ ಶಾಖೆಗಳಿಂದ ಜೋಡಿಗಳು ಬರುತ್ತವೆ. ಸಿಂಗಪುರದಿಂದ ಈವರೆಗೆ ಯಾರೂ ಹೋಗಿಲ್ಲ.” ಲಕೋಟೆಯನ್ನು ನಿರುಪಮಾಳ ಕೈಗಿಟ್ಟ. “ಎರಡು ವಿಮಾನದ ಟಿಕೆಟ್ಟು. ಎರಡು ವಾರ. ಜುಲೈ ಎರಡಕ್ಕೆ ಹೊರಡಬೇಕು.”

ಹಯಗ್ರೀವನ ಮುಖದಿಂದ ಉಳಿದ ನೀರೂ ಇಳಿದುಹೋಯಿತು. “ಸರ್, ಜುಲೈ ಎರಡಕ್ಕೆ ನಾವು ಮೈಸೂರಿನಲ್ಲಿ...”

“ಹೌದು. ನಿಮಗೆ ರಜೆ ಇದೆ. ರಜೆಯಲ್ಲಿರುವವರನ್ನು ಕಂಪನಿಯ ಪರವಾಗಿ ಕಳಿಸುವಂತಿಲ್ಲ,” ಎಂದ ಹೆಯ್ಕಿ ದುಃಖದಿಂದ. “ನಾನೇ ಸಹಿ ಮಾಡಿದ್ದೇನೆ.”

ನಿರುಪಮಾ ಲಕೋಟೆ ತೆರೆದು ಟಿಕೆಟ್ಟಿನ ಮೇಲಿನ ಊರಿನ ಹೆಸರನ್ನು ಓದಿದಳು. ಮತ್ತೆ ಓದಿದಳು. ಹೆಬ್ಬೆರಳಿನಿಂದ ಮರಳು ಒರೆಸಿ ಮೂರನೆಯ ಸಲ ಓದಿದಳು.

“ಅಲ್ಲಿ ಗುಂಡು ಎಸೆತ ಇರುತ್ತಾ ಸರ್?” ಎಂದು ಮೆಲ್ಲಗೆ ಕೇಳಿದಳು.

“ಇದೆ.”

“ನಿರು,” ಎಂದ ಹಯಗ್ರೀವ, “ಗಾರ್ಗಿ ಮದುವೆ ಕಣೇ. ನೀನು ಹದಿನೈದು ದಿನ ನನ್ನ ಜೊತೆ ಮಾತು ಬಿಟ್ಟಿದ್ದು ಅದಕ್ಕೇ ಅಲ್ವಾ?”

“ಒಂದ್ನಿಮಿಷ ತಡೀರಿ,” ಎಂದು ನಿರುಪಮಾ ತನ್ನ ಮೊಬೈಲು ತೆಗೆದು ಮೈಸೂರಿಗೆ ಫೋನ್ ಮಾಡಿದಳು. ಗಾರ್ಗಿಯೇ ಎತ್ತಿದಳು. ಅರ್ಧ ಕತೆ ಕೇಳುವಷ್ಟರಲ್ಲಿ ಅವಳು ಕಿರುಚಿದ್ದು ಸುತ್ತ ನಿಂತವರಿಗೆಲ್ಲ ಕೇಳಿಸಿತು. “ಅಕ್ಕಾ, ಹುಚ್ಚೀನಾ ನೀನು? ಹೋಗೇ! ನನ್ನ ಮದುವೆ ಸಿ.ಡಿ. ಕಳಿಸ್ತೀನಿ, ನೋಡ್ಕೋ. ನೀನು ಭಾವನ್ನ ಎತ್ಕೊಂಡು ಓಡಿದ್ದಕ್ಕೆ ಸಿ.ಡಿ. ಇದ್ಯಾ?”

ಹಯಗ್ರೀವ ಹೆಯ್ಕಿಯ ಕಡೆ ತಿರುಗಿದ. “ಹಾಗಿದ್ದರೆ ಸರ್, ನನ್ನ ರಜೆ ಕ್ಯಾನ್ಸಲ್ ಮಾಡಿ. ನಾನೂ ಫಿನ್ಲೆಂಡಿಗೇ ಹೋಗುತ್ತೇನೆ. ಹೊರಿಸಿಕೊಳ್ಳಲು ನಾನು ಬೇಕಲ್ಲ!”

ಹೆಯ್ಕಿ ಬಾಯಿ ತೆರೆದ. ಅವನಿಗಿಂತ ಮೊದಲು ನಿರುಪಮಾ ಹೇಳಿದಳು. “ಬೇಡ ಸರ್. ನಮ್ಮ ಮನೆ ಕಡೆಯಿಂದ ಒಬ್ರಾದ್ರೂ ಮದುವೆಗೆ ಹೋಗ್ಲೇಬೇಕು. ಇಲ್ದಿದ್ರೆ ಚಿಕ್ಕಪ್ಪ ಬೇಜಾರ್ ಮಾಡ್ಕೋತಾರೆ. ಇವರು ಹೋಗ್ಲಿ.”

“ಬದಲಿಸಲು ಆಗುವುದೂ ಇಲ್ಲ,” ಎಂದಳು ಮಿಸ್ ಲಿಮ್, ಒದ್ದೆ ಅರ್ಜಿಯನ್ನು ಎದೆಗವಚಿಕೊಂಡು. “ಬಾಸ್ ಹೇಳಿದರೂ ಬದಲಿಸಬೇಡ ಎಂದು ಬಾಸೇ ಹೇಳಿದ್ದಾರೆ.”

“ಹಾಗಾದರೆ ಇವಳು ಯಾರನ್ನು ಹೊರುತ್ತಾಳೆ?” ಎಂದು ಕೇಳಿದ ಹಯಗ್ರೀವ.

“ಅದಕ್ಕೆ ನಮ್ಮಲ್ಲಿ ಹಳೆಯ ನಿಯಮವಿದೆ,” ಎಂದ ಹೆಯ್ಕಿ. “ಹೊರಿಸಿಕೊಳ್ಳುವವರು ಸ್ವಂತ ಮನೆಯವರಾಗಬಹುದು. ಪಕ್ಕದ ಮನೆಯವರೂ ಆಗಬಹುದು. ನಲವತ್ತೊಂಬತ್ತು ಕಿಲೋಗೆ ಕಡಿಮೆ ಇರಬಾರದು, ಅಷ್ಟೇ.”

ಎಲ್ಲರ ಕಣ್ಣೂ ಸುಪ್ರಿಯಾಳ ಮೇಲೆ ಬಿತ್ತು. ಅವಳು ಖಾಲಿ ಪುಳಿಯೋಗರೆ ಡಬ್ಬಿ ಹಿಡಿದು ನಿಂತಿದ್ದಳು.

“ನಾ ನಲವತ್ತಾರ ಇದ್ದೀನಿ,” ಎಂದಳು ನಾಚಿಕೊಂಡು.

“ಕಡಿಮೆ ಬಿದ್ದಷ್ಟು ತೂಕವನ್ನು ಬೆನ್ನಿಗೆ ಚೀಲ ಕಟ್ಟಿ ತುಂಬಿಸಬಹುದು,” ಎಂದ ಹೆಯ್ಕಿ.

“ಮೂರು ಕಿಲೋ ಕಟಕ ರೊಟ್ಟಿ ಕಟ್ಟಿ ಕಳಸ್ತೀನಿ ತಗೋರಿ!” ಎಂದ ತಿಪ್ಪಣ್ಣ ಹುರುಪಿನಿಂದ. ಹೇಳಿದ ಮೇಲೆ ಅವನಿಗೆ ಹೊಳೆಯಿತು. “ಅಲ್ಲ, ರೊಟ್ಟಿ ಮಾಡೂದು ಯಾರು? ಎರಡು ವಾರ ನನಗ ಅಡಿಗಿ ಯಾರು ಮಾಡ್ತಾರ?”

ಸುಪ್ರಿಯಾ ಆಗಲೇ ನಿರುಪಮಾಳ ಹೆಗಲ ಎತ್ತರವನ್ನು ಕಣ್ಣಿನಲ್ಲೇ ಅಳೆಯುತ್ತಿದ್ದಳು.

ಸಂಜೆ ಐದರ ರೈಲಿನಲ್ಲಿ ನಾಲ್ವರೂ ವಾಪಸು ಹೊರಟರು. ಹೆಂಗಸರಿಬ್ಬರೂ ಒಂದು ಬದಿಯಲ್ಲಿ ಕೂತು, ಅಲ್ಲಿ ಚಳಿ ಎಷ್ಟಿರಬಹುದು, ಸೀರೆಯೋ ಚೂಡಿದಾರೋ ಎಂದು ಬಿಡುವಿಲ್ಲದೆ ಮಾತಾಡುತ್ತಿದ್ದರು. ತಿಪ್ಪಣ್ಣ ಜೀವನದಲ್ಲಿ ಮೊದಲ ಸಲ ಸುಮ್ಮನಿದ್ದ. ಟಾಂಪಿನಿಸ್ ದಾಟುವಾಗ ನಿರುಪಮಾಳ ಮೊಬೈಲು ಮೊಳಗಿತು. ಅವಳು ಎರಡು ಮಾತಾಡಿ ಹಯಗ್ರೀವನತ್ತ ಚಾಚಿದಳು. “ಚಿಕ್ಕಮ್ಮ. ನಿಮ್ಮ ಹತ್ರಾನೇ ಮಾತಾಡ್ಬೇಕಂತೆ.”

“ಅಳಿಯಂದ್ರೇ, ನೀವೊಬ್ರೇ ಬರೋದಂತೆ. ಮೂರು ವಾರ ಲೀವ್ ಸಿಕ್ಕಿದೆಯಂತೆ, ಪುಣ್ಯಾತ್ಮರು,” ಎಂದರು ವೇದಾವತಮ್ಮ. “ನಿರು ಪಾಲಿನ ಕೆಲಸ ಎಲ್ಲ ನೀವೇ ನೋಡ್ಕೋಬೇಕು. ಚಪ್ಪರದ ದಿನ ಬೀಗಿತ್ತೀರನ್ನ ಎದುರುಗೊಳ್ಳೋದು, ಬಾಗಿನ ಜೋಡಿಸೋದು, ಮುತ್ತೈದೆಯರಿಗೆ ಬಳೆ ಸೈಜ್ ನೋಡಿ ಹಂಚೋದು. ಇವೆಲ್ಲ ಬಿಡಿ, ಹೇಗೋ ಆಗುತ್ತೆ. ನನಗಿರೋ ಯೋಚನೆ ಹಾಡಿಂದು. ಹಸೆಗೆ ಕರೆಯೋ ಹಾಡು ಅವಳೇ ಹೇಳ್ಬೇಕಿತ್ತು. ಬೇರೆ ಯಾರಿಗೂ ಬರಲ್ಲ.”

“ಚಿಕ್ಕಮ್ಮಾ, ನನಗೆ ಹಾಡು...”

“ಇನ್ನೂ ಒಂದು ತಿಂಗಳು ಟೈಮಿದೆಯಲ್ಲಪ್ಪ. ದಿನಾ ಫೋನ್‌ನಲ್ಲೇ ಹೇಳ್ಕೊಡ್ತೀನಿ. ಕಲ್ಯಾಣಿ ರಾಗ, ಕಷ್ಟ ಏನಿಲ್ಲ. ಎಲ್ಲಿ, ನಾನು ಹೇಳಿದ ಹಾಗೇ ಹೇಳಿ ನೋಡೋಣ.”

ಹಯಗ್ರೀವ ಸುತ್ತ ನೋಡಿದ. ಬೋಗಿಯ ತುಂಬ ಶನಿವಾರದ ಜನ. ನಿರುಪಮಾ ಸುಪ್ರಿಯಾಳನ್ನು ಎಷ್ಟು ಸುಲಭವಾಗಿ ಎತ್ತಬಹುದೆಂದು ಕೂತಲ್ಲಿಂದಲೇ ಕೈಯಲ್ಲಿ ತೋರಿಸುತ್ತಿದ್ದಳು. ಅವನು ಮೊಬೈಲಿಗೆ ಅಂಗೈ ಅಡ್ಡ ಹಿಡಿದು, ಗಂಟಲಿನ ಮರಳು ಸರಿಮಾಡಿಕೊಂಡು, ಸಣ್ಣ ದನಿಯಲ್ಲಿ ಹಾಡತೊಡಗಿದ.

ಎದುರಿಗೆ ಕೂತಿದ್ದ ಚೀನೀ ಅಜ್ಜಿ ತನ್ನ ತರಕಾರಿ ಚೀಲ ಎತ್ತಿಕೊಂಡು ಪಕ್ಕದ ಬೋಗಿಗೆ ಹೋದಳು.

“ಇನ್ನೂ ಸ್ವಲ್ಪ ಮೇಲೆ ಹೋಗಿ ಅಳಿಯಂದ್ರೇ,” ಎಂದರು ಚಿಕ್ಕಮ್ಮ. “ಕೊನೆ ಸಾಲಿನಲ್ಲಿ ಕೂತಿರೋ ಬೀಗರಿಗೂ ಕೇಳಿಸ್ಬೇಕು.”